ಉತಾರದಲ್ಲಿ ಇಲ್ಲದ ಹೆಸರು

“ಸ್ತ್ರೀವಾದ ಅಂದ್ರ ಬೆಂಗಳೂರು, ಪುಣೆ ಕಡೆ ಓದಿದ ಹೆಂಗಸರ ಮಾತ್ರಿ. ನಮ್ಮ ನಿಪ್ಪಾಣಿಗೆ ಅದೆಲ್ಲ ಯಾಕ?” ಇದನ್ನು ಗಂಡಸರಷ್ಟೇ ಅಲ್ಲ, ಹೆಂಗಸರೂ ಹೇಳುತ್ತಾರೆ. ಪದ ಹೊಸದಿರಬಹುದು. ಆದರೆ ಅದು ಹೇಳುವ ಸಂಗತಿ ನಿಪ್ಪಾಣಿಯ ತಂಬಾಕಿನ ವಖಾರಗಳಲ್ಲಿ (ಗೋದಾಮುಗಳಲ್ಲಿ) ನಲವತ್ತು ವರ್ಷಗಳ ಹಿಂದೆಯೇ ನಡೆದಿದೆ. ತಂಬಾಕಿನ ಧೂಳು ಕುಡಿಯುತ್ತ, ಜರಡಿ ಹಿಡಿಯುತ್ತ, ಅಲ್ಪ ಕೂಲಿಗೆ ದುಡಿದ ಸಾವಿರಾರು ಹೆಂಗಸರು ಚಿಕ್ಕೋಡಿ ತಾಲ್ಲೂಕು ಕಾಮಗಾರ ಮಹಾಸಂಘದಲ್ಲಿ ಒಂದಾದರು. ದೀಪಾ ಧನರಾಜ್ ಮತ್ತು ಸಂಗಡಿಗರ ‘ಯುಗಾಂತರ’ ತಂಡ ಅವರ ನಡುವೆ ಇದ್ದು, 1982ರಲ್ಲಿ ‘ತಂಬಾಕು ಚಾಕಿಲ ಊಬ ಆಲಿ’ ಎಂಬ ಸಾಕ್ಷ್ಯಚಿತ್ರ ಮಾಡಿತು. ವಖಾರದ ಒಳಗಿನ ದುಡಿಮೆಯನ್ನು ಹೆಂಗಸರೇ ಬಾಯಿಬಿಟ್ಟು ಹೇಳುವ ಚಿತ್ರ ಅದು.

ಸ್ತ್ರೀವಾದ ಗಂಡಸರ ಮೇಲಿನ ದ್ವೇಷ ಎನ್ನುವವರಿಗೆ ಒಂದು ಮಾತು. ಈ ಹೆಂಗಸರನ್ನು ಸಂಘಟಿಸಿದವರಲ್ಲಿ ಮುಂಚೂಣಿಯಲ್ಲಿದ್ದವರು ಪ್ರೊ. ಸುಭಾಷ ಜೋಶಿ, ಒಬ್ಬ ಗಂಡಸು. ಜಗಳ ಇದ್ದದ್ದು ಗಂಡಸಿನ ಜೊತೆ ಅಲ್ಲ, ಹೆಣ್ಣಿನ ದುಡಿಮೆಗೆ ಕಡಿಮೆ ಬೆಲೆ ಕಟ್ಟುವ ಅಳತೆಯ ಜೊತೆ.

ಆ ಅಳತೆ ಮನೆಯೊಳಗೂ ಇದೆ. “ಮನ್ಯಾಗ ಕೂತು ಬೀಡಿ ಕಟ್ಟೋದು ಏನ್ ಕೆಲಸ, ಬಿಡುವಿನ ವ್ಯಾಳ್ಯಾದಾಗ ಮಾಡ್ತಾಳ” ಎನ್ನುತ್ತಾರೆ. ಕಾನೂನು ಹಾಗೆ ಹೇಳಲಿಲ್ಲ. ಎಲೆ, ತಂಬಾಕು ತಂದು ಮನೆಯಲ್ಲೇ ಬೀಡಿ ಸುತ್ತುವವಳೂ ಕಾರ್ಮಿಕಳೇ ಎಂದು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆ ಸ್ಪಷ್ಟವಾಗಿ ಬರೆಯಿತು. ಅದನ್ನು ಪ್ರಶ್ನಿಸಿ ಮಾಲೀಕರು ಸುಪ್ರೀಂ ಕೋರ್ಟಿಗೆ ಹೋದರು. ನಮ್ಮದೇ ರಾಜ್ಯದ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ 1974ರಲ್ಲಿ ಕೋರ್ಟು ಕಾಯ್ದೆಯನ್ನು ಎತ್ತಿಹಿಡಿಯಿತು. ಹಾಗಾಗಿ ಬೀಡಿ ಕಾರ್ಮಿಕರ ಕಾರ್ಡು ಯಾರ ಹೆಸರಲ್ಲಿದೆ ಎಂದು ನೋಡುವುದು ಸಣ್ಣ ವಿಷಯವಲ್ಲ.

ಇನ್ನು ಹೊಲದ ಮಾತು, ಅದರ ಉತಾರದಲ್ಲಿ (ಪಹಣಿಯಲ್ಲಿ) ಮಗಳ ಹೆಸರಿನ ಮಾತು. “ಮದುವಿ ಮಾಡಿಕೊಟ್ಟೀವಿ, ಬಂಗಾರ ಹಾಕೀವಿ, ಅಲ್ಲಿಗೆ ಪಾಲು ಮುಗೀತು.” ಈ ನಂಬಿಕೆಯಷ್ಟು ಗಟ್ಟಿಯಾದದ್ದು ಈ ಭಾಗದಲ್ಲಿ ಇನ್ನೊಂದಿಲ್ಲ. ಮದುವೆಯ ಖರ್ಚಾಗಲಿ, ಬಂಗಾರವಾಗಲಿ ಪಾಲಿನ ಹಕ್ಕನ್ನು ಅಳಿಸುವುದಿಲ್ಲ. ವರದಕ್ಷಿಣೆಯಂತೂ 1961ರಿಂದಲೇ ಅಪರಾಧ. ಹಾಗಿದ್ದರೂ ಈ ನಂಬಿಕೆಗೆ ಒಂದು ಕಾಲದಲ್ಲಿ ಕಾನೂನೇ ಆಸರೆ ಕೊಟ್ಟಿತ್ತು ಎಂಬುದನ್ನು ಮುಚ್ಚಿಡಬಾರದು. 1994ರ ಜುಲೈ 30ರಿಂದ ಜಾರಿಯಾದ, ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಕರ್ನಾಟಕ ಮಾಡಿದ ತಿದ್ದುಪಡಿ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾದವಳನ್ನು ಹೊರಗಿಟ್ಟಿತು. ಒಂದೇ ತಾಯಿಯ ಮಕ್ಕಳಲ್ಲಿ ತಂಗಿಗೆ ಪಾಲು, ಅಕ್ಕನಿಗೆ ಇಲ್ಲ! ಅಣ್ಣನ ಮದುವೆಯ ತಾರೀಖನ್ನು ಮಾತ್ರ ಯಾರೂ ಕೇಳಲಿಲ್ಲ.

2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಈ ಭೇದ ತೆಗೆಯಿತು. ಆಗ ಹೊಸ ತಕರಾರು ಎದ್ದಿತು: ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ? 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಉತ್ತರ ಕೊಟ್ಟಿತು. ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಿದ್ದುಪಡಿ ಜಾರಿಯಾದ ದಿನ ಅಪ್ಪ ಬದುಕಿರಬೇಕಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ನೋಂದಣಿಯಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ವಾಟ್ನಿಯನ್ನು, ಅಂದರೆ ಆಸ್ತಿಯ ಹಂಚಿಕೆಯನ್ನು, ಕೆದಕುವಂತಿಲ್ಲ. ಆದರೆ “ಆಗಲೇ ಬಾಯಿಮಾತಿಲೆ ವಾಟ್ನಿ ಆಗೇತಿ” ಎಂದು ಅಣ್ಣತಮ್ಮಂದಿರು ಹೇಳಿದಷ್ಟಕ್ಕೇ ಅದು ನಿಲ್ಲುವುದಿಲ್ಲ. ಈ ಕಾಯ್ದೆ ಲಿಂಗಾಯತರಿಗೂ, ಈ ಭಾಗದಲ್ಲಿ ಬಹಳ ಇರುವ ಜೈನರಿಗೂ ಅನ್ವಯಿಸುತ್ತದೆ.

ಇಷ್ಟೆಲ್ಲ ಆದ ಮೇಲೆ “ಈಗ ಕಾನೂನೆಲ್ಲ ಹೆಂಗಸರ ಕಡೀನ ಐತಿ” ಎನ್ನುತ್ತಾರೆ. ಇದೂ ತಪ್ಪು, ಮತ್ತು ನನ್ನನ್ನು ಹೆಚ್ಚು ಕಾಡುವುದು ಇದೇ. ಬೀಡಿ ಕಟ್ಟಿ, ಕೂಲಿ ಉಳಿಸಿ, ತನ್ನ ಹೆಸರಲ್ಲಿ ಒಂದು ಜಾಗ ಕೊಂಡ ವಿಧವೆಯನ್ನು ನೆನೆಯಿರಿ. ಮಕ್ಕಳಿಲ್ಲ. ಮೃತ್ಯುಪತ್ರ ಬರೆಯದೆ ತೀರಿಕೊಂಡರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 15ನೇ ಕಲಮಿನಂತೆ ಆ ಜಾಗ ಮೊದಲು ಗಂಡನ ವಾರಸುದಾರರಿಗೆ ಹೋಗುತ್ತದೆ. ಹೆತ್ತವ್ವ ಬದುಕಿದ್ದರೂ ಅವಳ ಸರದಿ ಅದರ ನಂತರ. ಅದೇ ಮಗ ತೀರಿಕೊಂಡರೆ ತಾಯಿ ಮೊದಲ ದರ್ಜೆಯ ವಾರಸುದಾರಳು! ಗಂಡನ ಗಳಿಕೆ ಹೆಂಡತಿಯ ತವರಿಗೆ ಹೋಗುವ ಇಂಥ ದಾರಿಯೂ ಇಲ್ಲ. ಅಪ್ಪ-ಅವ್ವನಿಂದ ವಾರಸಾಗಿ ಬಂದ ಆಸ್ತಿಯಷ್ಟೇ ಅಪ್ಪನ ವಾರಸುದಾರರಿಗೆ ಮರಳುತ್ತದೆ. ದುಡಿದು ಗಳಿಸಿದ್ದಕ್ಕೆ ಆ ರಕ್ಷಣೆ ಇಲ್ಲ.

ಇದು ಬರಿಯ ಊಹೆಯಲ್ಲ. ಮದುವೆಯಾಗಿ ಮೂರೇ ತಿಂಗಳಿಗೆ ಗಂಡನನ್ನು ಕಳೆದುಕೊಂಡು, ಅತ್ತೆಮನೆಯವರು ಹೊರಹಾಕಿದ ಮೇಲೆ ತವರಿನಲ್ಲಿ ಓದಿ, ನೌಕರಿ ಮಾಡಿ ಗಳಿಸಿದ ಒಬ್ಬ ಹೆಣ್ಣುಮಗಳ ಹಣ ಅದೇ ಅತ್ತೆಮನೆಗೇ ಸೇರಬೇಕೆಂದು 2009ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಸಹಾನುಭೂತಿಯ ಮೇಲೆ ಕಾನೂನನ್ನು ಅರ್ಥೈಸಲಾಗದು ಎಂಬುದು ಕೋರ್ಟಿನ ನಿಲುವು. ಹಾಗಾದರೆ ಬದಲಾಗಬೇಕಾದದ್ದು ಕಲಮೇ. ಅದನ್ನು ಕೇಳುವುದನ್ನೇ ಸ್ತ್ರೀವಾದ ಎನ್ನುತ್ತಾರೆ.

ಕಲಮು ಬದಲಾಗುವವರೆಗೆ ಕಾಯಬೇಕಿಲ್ಲ. ಮೃತ್ಯುಪತ್ರ ಬರೆಯಲು ಸ್ಟಾಂಪ್ ಪೇಪರು ಬೇಡ, ನೋಂದಣಿ ಕಡ್ಡಾಯವಲ್ಲ. ಇಬ್ಬರು ಸಾಕ್ಷಿಗಳು ಬೇಕು. ಸಹಿ ಬಾರದವಳು ಹೆಬ್ಬೆಟ್ಟು ಒತ್ತಿದರೂ ನಡೆಯುತ್ತದೆ.