ಮಹಾಮಾರಿಯ ಕಾಲದಲ್ಲಿ ಮಕ್ಕಳ ಪಾಲನೆ

ಈ ಸ್ಮರಣ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂದು ಅಪ್ಪಣೆಯಾದಾಗ, ಶಾಲೆಯ ಏಳಿಗೆಯನ್ನು ವರ್ಣಿಸುವುದಕ್ಕಿಂತಲೂ, ಶಾಲೆಯ ಗಂಟೆಯು ಮೌನವಾಗಿದ್ದ ದಿನಗಳಲ್ಲಿ ನಾವು ಕಲಿತುಕೊಂಡುದನ್ನು ತಿಳಿಸುವುದೇ ಉಚಿತವೆಂದು ನನಗೆ ತೋರಿತು. ಆ ಬೇನೆಯ ಅಬ್ಬರವು ಅಡಗಿರುವುದು ಸರಿಯಷ್ಟೆ; ಆದರೆ ಅದು ಕಲಿಸಿದ ಪಾಠವು ಮರೆತುಹೋಗಕೂಡದು.

ಸಾಂಕ್ರಾಮಿಕ ಜಾಡ್ಯಗಳು ನಮ್ಮ ನಾಡಿಗೆ ಹೊಸವಲ್ಲ. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ೧೯೧೮ರಲ್ಲಿ ಇನ್‌ಫ್ಲುಯೆಂಜಾ ಜ್ವರವು ದೇಶದಲ್ಲೆಲ್ಲಾ ಹರಡಿ ಲಕ್ಷಾಂತರ ಜನರನ್ನು ಕೊಂಡೊಯ್ದಿತು. ಪ್ಲೇಗಿನ ಕಾಲದಲ್ಲಿ ಜನರು ಮನೆಗಳನ್ನು ತೊರೆದು ಊರಾಚೆಯ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದರೆಂದು ಹಿರಿಯರು ಹೇಳುವುದನ್ನು ಕೇಳಿದ್ದೇವೆ. ನಾವಾದರೋ ೨೦೨೦ರಲ್ಲಿ ಹೊರಗನ್ನು ತೊರೆದು ಮನೆಯೊಳಗೆ ಸೇರಿಕೊಂಡೆವು. ಆ ವರ್ಷದ ಮಾರ್ಚಿಯಲ್ಲಿ ಕೋವಿಡ್ ಬೇನೆಯಿಂದಾದ ದೇಶದ ಮೊದಲನೆಯ ಮರಣವು ನಮ್ಮ ಕಲಬುರಗಿಯಲ್ಲಿಯೇ ಸಂಭವಿಸಿತು. ೨೫ನೆಯ ತಾರೀಖಿನಿಂದ ಇಡೀ ದೇಶವೇ ಬಾಗಿಲಿಕ್ಕಿಕೊಂಡಿತು. ಶಾಲೆಗಳು ಅದಕ್ಕೂ ಮೊದಲೇ ಮುಚ್ಚಿದ್ದವು. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳಿಗೆ ನಮ್ಮ ರಾಜ್ಯದಲ್ಲಿ ಶಾಲೆಯ ಬಾಗಿಲು ಮತ್ತೆ ತೆರೆದುದು ೨೦೨೧ರ ಅಕ್ಟೋಬರ್ ೨೫ರಂದು. ಹೀಗೆ ಒಂದೂವರೆ ವರ್ಷಕ್ಕೂ ಮೇಲ್ಪಟ್ಟು ಮನೆಯೇ ಪಾಠಶಾಲೆಯೂ, ಆಟದ ಬಯಲೂ, ಎಷ್ಟೋ ಕಡೆಗಳಲ್ಲಿ ಆಸ್ಪತ್ರೆಯೂ ಆಯಿತು. ಇಷ್ಟನ್ನೂ ಹೊತ್ತವರು ತಾಯಿತಂದೆಗಳು.

ಇಂಥ ಕಾಲದಲ್ಲಿ ಮಕ್ಕಳಿಗೆ ಮೊದಲು ಬೇಕಾದುದು ಸತ್ಯ. ನಮ್ಮ ಪರಿಚಯದ ಒಂದು ಮನೆಯಲ್ಲಿ ಅಜ್ಜಿಯು ಆಸ್ಪತ್ರೆಯಲ್ಲಿ ತೀರಿಕೊಂಡರು. ಮಗುವು ನೊಂದೀತೆಂದು ಹೆದರಿ, ಅಜ್ಜಿ ಊರಿಗೆ ಹೋಗಿದ್ದಾರೆಂದು ಹಿರಿಯರು ಹೇಳಿದರು. ಕೆಲವು ದಿನಗಳ ಮೇಲೆ ನೆರೆಮನೆಯ ಹುಡುಗನ ಬಾಯಿಂದ ನಿಜವು ಹೊರಬಿದ್ದಿತು. ಅಂದಿನಿಂದ ಆ ಬಾಲಿಕೆಯು ಮನೆಯವರ ಯಾವ ಮಾತನ್ನೂ ನಂಬದಾದಳು. ತಂದೆಯು ಅಂಗಡಿಗೆ ಹೊರಟರೆ, ಅವರು ಹಿಂದಿರುಗುವ ತನಕ ಹೊಸ್ತಿಲು ಬಿಟ್ಟು ಏಳುತ್ತಿರಲಿಲ್ಲ. ಮಗುವಿಗೆ ಎಲ್ಲವನ್ನೂ ಹೇಳಬೇಕಾಗಿಲ್ಲ. ಆದರೆ ಹೇಳಿದ್ದು ನಿಜವಾಗಿರಬೇಕು. ರೋಗದ ವಿಷಯದಲ್ಲಿಯೂ ಹೀಗೆಯೇ. ಈ ರೋಗಾಣುವಿಗೆ ಕೊಬ್ಬಿನ ತೆಳುವಾದ ಹೊದಿಕೆಯೊಂದುಂಟು, ಸಾಬೂನು ಅದನ್ನು ಒಡೆದುಬಿಡುತ್ತದೆ ಎಂದು ತಿಳಿದ ಮಗುವು ತಾನಾಗಿಯೇ ಕೈ ತೊಳೆಯುತ್ತದೆ. ಬರಿಯ ಗದರಿಕೆಯಿಂದ ಕಲಿತ ಮಗುವು ಹಿರಿಯರ ಕಣ್ಣೆದುರಿಗೆ ಮಾತ್ರ ತೊಳೆಯುತ್ತದೆ.

ಎರಡನೆಯದು ಕ್ರಮ. ನಾಳೆ ಏನಾಗುವುದೆಂದು ದೊಡ್ಡವರಿಗೇ ತಿಳಿಯದಿದ್ದ ದಿನಗಳವು. ಹಾಗಿದ್ದರೂ ಸ್ನಾನವಾದ ಮೇಲೆ ಪಾಠ, ಪಾಠವಾದ ಮೇಲೆ ಊಟ, ಸಂಜೆಗೆ ಅಂಗಳದಲ್ಲಿಯೋ ಮಹಡಿಯ ಮೇಲೆಯೋ ಆಟ ಎಂಬಿಷ್ಟು ತಿಳಿದಿದ್ದ ಮಗುವಿನ ಮನಸ್ಸು ನೆಲೆಗೊಂಡಿತ್ತು. ಮೊಬೈಲಿಲ್ಲದ ಮನೆಗಳಿಗೆ ಚಂದನ ವಾಹಿನಿಯಲ್ಲಿ ಬರುತ್ತಿದ್ದ ಸಂವೇದ ಪಾಠಗಳು ಉಪಕಾರವಾದವು. ಕೇವಲ ಪಾಠಗಳಿಂದಲ್ಲ, ಗೊತ್ತಾದ ವೇಳೆಗೆ ಮಕ್ಕಳನ್ನು ಒಂದೆಡೆ ಕೂರಿಸಿದುದರಿಂದಲೂ ಉಪಕಾರವಾಯಿತೆಂದು ನನ್ನ ಅಭಿಪ್ರಾಯ.

ಮೂರನೆಯ ಮಾತನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ಆನ್‌ಲೈನ್ ಪಾಠಗಳಿಗೆ ವಾರಗಟ್ಟಲೆ ಹಾಜರಾಗಲಿಲ್ಲ. ಅವಳ ತಾಯಿಗೆ ಫೋನು ಮಾಡಿ, ಹುಡುಗಿಯ ಸೋಮಾರಿತನದ ವಿಷಯವಾಗಿ ನಾನು ಬಿರುಸಾಗಿಯೇ ಮಾತನಾಡಿದೆನು. ಆ ತಾಯಿಯೂ ನಮ್ಮ ಶಾಲೆಯಲ್ಲಿಯೇ ಓದಿದವರು. ಗುರುಭಾವದಿಂದ ಏನೊಂದೂ ಎದುರಾಡಲಿಲ್ಲ. ಮುಂದೆ ಓಡಾಟಕ್ಕೆ ಅನುಮತಿ ದೊರೆತಾಗ ಅವರ ಮನೆಗೆ ಹೋದೆನು. ಮೂವರು ಮಕ್ಕಳಿಗೆ ಒಂದೇ ಮೊಬೈಲು. ಹುಡುಗಿಯು ಪಾತ್ರೆ ತೊಳೆದು, ತಮ್ಮನನ್ನು ನೋಡಿಕೊಂಡು, ರಾತ್ರಿ ಗೆಳತಿಯ ಪುಸ್ತಕದಿಂದ ಪಾಠಗಳನ್ನು ನಕಲು ಮಾಡಿಕೊಳ್ಳುತ್ತಿದ್ದಳು. “ಟೀಚರ್, ಅಣ್ಣನ ಪಾಠ ಮುಗಿಯುವ ಹೊತ್ತಿಗೆ ನಮ್ಮ ಪಾಠವೂ ಮುಗಿದಿರುತ್ತದೆ” ಎಂದಳು. ಅವಳ ದನಿಯಲ್ಲಿ ದೂರಿರಲಿಲ್ಲ. ಅದೇ ನನ್ನನ್ನು ಹೆಚ್ಚು ನಾಚಿಸಿತು. ಅಂದಿನಿಂದ ಅಚ್ಚಿನ ಪಾಠದ ಹಾಳೆಗಳನ್ನು ಇಂಥ ಮನೆಗಳಿಗೆ ಕಳುಹಿಸುವ ಏರ್ಪಾಡು ಮಾಡಿದೆವು. ಆ ತಾಯಿಯೂ ಮಕ್ಕಳಿಗೆಲ್ಲಾ ಮೊಬೈಲಿನ ಸರದಿಯನ್ನು ಗೋಡೆಯ ಮೇಲೆ ಬರೆದು ಅಂಟಿಸಿ, ಪಾತ್ರೆ ತೊಳೆಯುವ ಸರದಿಯನ್ನೂ ಅದರ ಕೆಳಗೆ ಸೇರಿಸಿದರು. ಅಣ್ಣನ ಹೆಸರೂ ಅದರಲ್ಲಿತ್ತು.

ಕಷ್ಟವು ಮನೆಗೆ ಬಂದಾಗ ಮೊದಲು ನಿಲ್ಲುವುದು ಹೆಣ್ಣುಮಗುವಿನ ಓದು. ಸಂಪಾದನೆ ತಪ್ಪಿದ ಎಷ್ಟೋ ಮನೆಗಳಲ್ಲಿ, ನೆಂಟರಿಷ್ಟರ ಗುಂಪಿಲ್ಲದೆ ಅಲ್ಪ ಖರ್ಚಿನಲ್ಲಿ ಕಾರ್ಯ ಮುಗಿದೀತೆಂದು ಬಾಲಿಕೆಯರ ಮದುವೆಯ ಮಾತೂ ಎದ್ದಿತು. ಹದಿನೆಂಟು ತುಂಬದ ಕನ್ಯೆಯ ವಿವಾಹವನ್ನು ೨೦೦೬ರ ಕಾಯಿದೆಯು ನಿಷೇಧಿಸಿದೆ. ಅಂಥ ಸುದ್ದಿ ಕಿವಿಗೆ ಬಿದ್ದರೆ ೧೦೯೮ ಎಂಬ ಮಕ್ಕಳ ಸಹಾಯವಾಣಿಗೆ ಯಾರು ಬೇಕಾದರೂ ತಿಳಿಸಬಹುದು. ಹಳೆಯ ವಿದ್ಯಾರ್ಥಿನಿಯರು ತಮ್ಮ ಕೇರಿಯಲ್ಲಿ ಇದನ್ನು ತಮ್ಮ ಕರ್ತವ್ಯವೆಂದೇ ಎಣಿಸಬೇಕು.

ತಾಯಿತಂದೆಗಳ ವಿಷಯವಾಗಿಯೂ ಒಂದು ಮಾತು. ದುಡಿಮೆಯ ಚಿಂತೆ, ರೋಗದ ಭೀತಿ, ಬಿಡುವಿಲ್ಲದ ಗೃಹಕೃತ್ಯ ಇವುಗಳ ನಡುವೆ ಎಷ್ಟೋ ಮಂದಿ ಮಕ್ಕಳ ಮೇಲೆ ಸಿಡುಕಿ, ಆಮೇಲೆ ಒಳಗೊಳಗೇ ಮರುಗಿದರು. “ನನಗೆ ದಣಿವಾಗಿದೆ, ಸ್ವಲ್ಪ ಹೊತ್ತಿನ ಮೇಲೆ ಮಾತನಾಡೋಣ” ಎಂದು ಮಗುವಿಗೆ ಹೇಳುವುದರಿಂದ ಹಿರಿತನಕ್ಕೆ ಕುಂದಿಲ್ಲ. ತಪ್ಪಾದಾಗ ಒಪ್ಪಿಕೊಳ್ಳುವುದನ್ನು ಮಕ್ಕಳು ನಮ್ಮನ್ನು ನೋಡಿಯೇ ಕಲಿಯಬೇಕಲ್ಲವೆ?

ಇನ್ನು ನಷ್ಟದ ಲೆಕ್ಕ. ೨೦೨೧ರ ಜನವರಿಯಲ್ಲಿ ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದವರು ಕರ್ನಾಟಕವೂ ಸೇರಿ ಐದು ರಾಜ್ಯಗಳ ಪ್ರಾಥಮಿಕ ಶಾಲೆಗಳ ಮಕ್ಕಳನ್ನು ಪರೀಕ್ಷಿಸಿದರು. ನೂರಕ್ಕೆ ೯೨ ಮಕ್ಕಳು ಭಾಷೆಯಲ್ಲಿಯೂ, ೮೨ ಮಕ್ಕಳು ಗಣಿತದಲ್ಲಿಯೂ, ಹಿಂದಿನ ವರ್ಷ ತಮಗೆ ಬರುತ್ತಿದ್ದ ಒಂದಾದರೂ ಸಾಮರ್ಥ್ಯವನ್ನು ಕಳೆದುಕೊಂಡಿದ್ದರು. ಅಂದು ಪ್ರಾಥಮಿಕ ತರಗತಿಗಳಲ್ಲಿದ್ದ ಬಾಲಿಕೆಯರು ನಮ್ಮ ಹೈಸ್ಕೂಲಿನ ಬೆಂಚುಗಳಿಗೆ ಬಂದಿದ್ದಾರೆ. ಅವರಲ್ಲಿ ಕೆಲವರು ತಡವರಿಸಿ ಓದುತ್ತಾರೆ, ಲೆಕ್ಕವೆಂದರೆ ಅಂಜುತ್ತಾರೆ. ಅದನ್ನು ದಡ್ಡತನವೆಂದು ಜರೆಯಬೇಡಿರಿ. ರಾತ್ರಿ ಊಟವಾದ ಮೇಲೆ ಕಾಲು ಗಂಟೆಯ ಹೊತ್ತು ಮಗಳಿಂದ ಗಟ್ಟಿಯಾಗಿ ಓದಿಸಿ ಕೇಳಿರಿ. ಅಂಗಡಿಯ ಚೀಟಿಯ ಲೆಕ್ಕವನ್ನು ಅವಳಿಂದಲೇ ಕೂಡಿಸಿರಿ.

ಬೇನೆಯು ಮತ್ತೆ ಯಾವ ಹೆಸರಿನಿಂದ ಬಂದೀತೋ ಬಲ್ಲವರಿಲ್ಲ. ಬಂದ ಪಕ್ಷದಲ್ಲಿ ಮಕ್ಕಳೊಂದಿಗೆ ನಿಜವನ್ನಾಡಿರಿ, ದಿನಕ್ಕೊಂದು ಕ್ರಮವನ್ನಿಡಿರಿ, ಮನೆಯ ಭಾರವನ್ನು ಗಂಡು ಹೆಣ್ಣೆನ್ನದೆ ಹಂಚಿರಿ. ಮನೆಯಲ್ಲಿ ಏನನ್ನು ಕಡಮೆ ಮಾಡಬೇಕಾಗಿ ಬಂದರೂ ಮಗಳ ಓದನ್ನು ಕಡಮೆ ಮಾಡಬೇಡಿರೆಂದು ಈ ಶಾಲೆಯ ಪರವಾಗಿ ನಿಮ್ಮನ್ನು ಬೇಡಿಕೊಳ್ಳುತ್ತೇನೆ.