ಹುಣಸೂರು ಸೀಮೆಗೆ ಕುಟುಂಬ ಪ್ರವಾಸ: ತಂಗುವುದೆಲ್ಲಿ, ನೋಡುವುದೇನು?

ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಮನೆಯಲ್ಲಿ ಪ್ರವಾಸದ ಮಾತು ಶುರುವಾಗುತ್ತದೆ. ಗಂಡಸರು ವಾಹನ ಗೊತ್ತುಮಾಡಿ ನಿಶ್ಚಿಂತರಾಗುತ್ತಾರೆ. ಗೃಹಿಣಿಯೋ ಹಿಂದಿನ ರಾತ್ರಿ ನಿದ್ದೆಗೆಟ್ಟು ಬುತ್ತಿ ಕಟ್ಟುತ್ತಾಳೆ. ಮರುದಿನ ಐದಾರು ಊರು ಸುತ್ತಿ, ಮಧ್ಯರಾತ್ರಿ ಮರಳಿ ಬಂದು ಪಾತ್ರೆ ತೊಳೆಯುತ್ತಾಳೆ. ಸಹೋದರಿಯರೇ, ಇದನ್ನು ಆಕೆಯ ಪಾಲಿಗೆ ಪ್ರವಾಸ ಎನ್ನಬಹುದೇ? ಭೂಮಿಯಲ್ಲಿ ಸಂಚರಿಸಿ ನೋಡಿರೆಂಬ ಕುರ್‌ಆನಿನ ಕರೆ ಗಂಡಸರಿಗೆ ಮಾತ್ರ ಸೀಮಿತವಲ್ಲವಷ್ಟೆ.

ಆದ್ದರಿಂದ ಎಲ್ಲಿ ತಂಗಬೇಕೆಂಬುದನ್ನು ಮೊದಲು ನಿರ್ಧರಿಸಿ. ಏನನ್ನು ನೋಡಬೇಕೆಂಬುದು ಆಮೇಲೆ ತಾನಾಗಿಯೇ ಸ್ಪಷ್ಟವಾಗುತ್ತದೆ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆಯ ಸೀಮೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಭೂಪಟದಲ್ಲಿ ಇವು ಅಕ್ಕಪಕ್ಕದ ಊರುಗಳು. ಆದರೆ ಜಲಪಾತವಿರುವುದು ಉತ್ತರಕ್ಕೆ, ಕಾಡು ದಕ್ಷಿಣಕ್ಕೆ, ಬೈಲಕುಪ್ಪೆ ಪಶ್ಚಿಮಕ್ಕೆ. ಒಂದೇ ದಿನದಲ್ಲಿ ಎಲ್ಲವನ್ನೂ ನೋಡಹೊರಟರೆ ನೆನಪಿನಲ್ಲಿ ಉಳಿಯುವುದು ರಸ್ತೆ ಮಾತ್ರ.

ಹುಣಸೂರಿನಲ್ಲಿ ತಂಗಿದರೆ

ಮೈಸೂರಿನಿಂದ ಸುಮಾರು 45 ಕಿ.ಮೀ. ದೂರದ ಹುಣಸೂರು ಈ ಸೀಮೆಯ ಕೂಡುದಾರಿ. ಉಳಿದ ಮೂರೂ ಕಡೆಗೆ ಇಲ್ಲಿಂದ ರಸ್ತೆಗಳಿವೆ. ಸಾಧಾರಣ ಖರ್ಚಿನಲ್ಲಿ ಮುಗಿಸಬೇಕೆನ್ನುವವರಿಗೆ ಹುಣಸೂರು ಅಥವಾ ಮೈಸೂರೇ ಅನುಕೂಲ. ಬಿಳಿಕೆರೆ ಬಳಿಯ ಗೊಮ್ಮಟಗಿರಿಯಲ್ಲಿ 18 ಅಡಿ ಎತ್ತರದ ಬಾಹುಬಲಿಯ ವಿಗ್ರಹವಿದೆ. 'ಉಳುವವನೇ ಹೊಲದೊಡೆಯ' ಎಂಬ ಮಾತಿಗೆ ಬಲ ತುಂಬಿದ ಮುಖ್ಯಮಂತ್ರಿ ದೇವರಾಜ ಅರಸರ ಊರು ಕಲ್ಲಹಳ್ಳಿ ಇದೇ ತಾಲೂಕಿನದು. ಮಕ್ಕಳಿಗೆ ಇದನ್ನು ತಿಳಿಸಿ. ದಾರಿಯುದ್ದಕ್ಕೂ ಹೊಗೆಸೊಪ್ಪಿನ ಹೊಲಗಳು, ಸೊಪ್ಪು ಬೇಯಿಸುವ ಬ್ಯಾರನ್‌ಗಳು ಕಾಣಸಿಗುತ್ತವೆ.

ಕೆ.ಆರ್. ನಗರದ ಕಡೆಯ ಚುಂಚನಕಟ್ಟೆಯಲ್ಲಿ ಕಾವೇರಿಯು ಬಂಡೆಗಳಿಂದ ಧುಮುಕುತ್ತಾಳೆ. ಮಳೆಗಾಲದಲ್ಲಿ ಹೋದರೆ ಜಲಪಾತ, ಬೇಸಿಗೆಯಲ್ಲಿ ಹೋದರೆ ಬರೀ ಬಂಡೆ! ಬಂಡೆಗಳ ಮೇಲೆ ಪಾಚಿ, ಕೆಳಗೆ ಸುಳಿ. ಮಕ್ಕಳ ಕೈ ಬಿಡಬೇಡಿ, ನೀರಿಗಿಳಿಸಲೇಬೇಡಿ. ರೈಲು ಬೇಕೆನ್ನುವವರಿಗೆ ಕೆ.ಆರ್. ನಗರದಲ್ಲಿ ನಿಲ್ದಾಣವಿದೆ.

ಬೈಲಕುಪ್ಪೆಯ ಕಡೆ

ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಯನ್ನು ನೋಡುವವರು ಕೆಲವೇ ಕಿ.ಮೀ. ದೂರದ ಕುಶಾಲನಗರದಲ್ಲಿ ತಂಗುವುದು ಒಳ್ಳೆಯದು. ಅಲ್ಲಿ ವಸತಿಗೃಹಗಳು ಹೆಚ್ಚು. ಗಲ್ಫ್ ಅಥವಾ ಇತರ ಕಡೆಯಿಂದ ಬಂದ ಬಂಧುಗಳಲ್ಲಿ ವಿದೇಶಿ ಪಾಸ್‌ಪೋರ್ಟ್ ಉಳ್ಳವರಿದ್ದರೆ, ಟಿಬೆಟಿಯನ್ ವಸಾಹತಿನೊಳಗೆ ತಂಗಲು ಅವರಿಗೆ ಕೇಂದ್ರ ಸರಕಾರದ ವಿಶೇಷ ಅನುಮತಿ ಬೇಕು.

1959ರಲ್ಲಿ ತಾಯ್ನಾಡು ತೊರೆದ ಟಿಬೆಟಿಯನ್ನರಿಗೆ ಅಂದಿನ ಮೈಸೂರು ರಾಜ್ಯ ಇಲ್ಲಿ ಭೂಮಿ ನೀಡಿತು. ಕಾಡು ಕಡಿದು ಅವರು ಬದುಕು ಕಟ್ಟಿಕೊಂಡರು. 1999ರಲ್ಲಿ ಉದ್ಘಾಟನೆಗೊಂಡ ಸ್ವರ್ಣಮಂದಿರವನ್ನು ನೋಡಲು ಈಗ ಜನ ಕಿಕ್ಕಿರಿಯುತ್ತಾರೆ. ಅದು ಇನ್ನೊಂದು ಸಮುದಾಯದ ಆರಾಧನಾಲಯ. ಅಲ್ಲಿ ಸದ್ದು ಮಾಡಬಾರದು, ಕೇಳದೆ ಯಾರ ಫೋಟೋವನ್ನೂ ತೆಗೆಯಬಾರದು. ಮನೆ ಕಳೆದುಕೊಂಡವರು ಮತ್ತೆ ಮನೆ ಕಟ್ಟಿದ ಕಥೆಯನ್ನು ಮಕ್ಕಳು ಅರಿತರೆ ಸಾಕು, ಪ್ರವಾಸ ಸಾರ್ಥಕ.

ಕಬಿನಿಯ ದಡದಲ್ಲಿ

ಎಚ್.ಡಿ. ಕೋಟೆ ತಾಲೂಕಿನ ಕಬಿನಿ ಹಿನ್ನೀರಿನ ದಡದಲ್ಲಿರುವ ರೆಸಾರ್ಟ್‌ಗಳು ದುಬಾರಿ. ಕಾರಾಪುರದ ಜಂಗಲ್ ಲಾಡ್ಜಸ್ ಸರಕಾರದ್ದಾದರೂ ಅಗ್ಗವೇನಲ್ಲ. ಬಾಡಿಗೆಯಲ್ಲಿ ಊಟ ಮತ್ತು ಸಫಾರಿ ಸೇರಿದೆಯೇ ಎಂದು ಕೇಳಿಯೇ ಹೋಲಿಸಿ ನೋಡಿ. ಅಷ್ಟು ಖರ್ಚು ಬೇಡವೆಂದರೆ ಮೈಸೂರಿನಲ್ಲಿ ತಂಗಿ, ದಮ್ಮನಕಟ್ಟೆಯಿಂದ ಹೊರಡುವ ಅರಣ್ಯ ಇಲಾಖೆಯ ಸಫಾರಿಗೆ ಬರಬಹುದು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಆನೆಗಳು ಹಿಂಡುಹಿಂಡಾಗಿ ದಡದ ಹುಲ್ಲಿಗೆ ಬರುತ್ತವೆ. ಆನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾಗಿದ್ದ ಕಾಕನಕೋಟೆ ಇದೇ ಕಾಡು. ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ.

ಆದರೆ ಕಾಡಂಚಿನ ಜನರ ಬದುಕು ನಮ್ಮ ಮೋಜಿನಷ್ಟು ಸರಳವಲ್ಲ. ಹುಲಿ ದಾಳಿಯಿಂದ ರೈತರು ಸತ್ತಾಗ, 2025ರ ನವೆಂಬರ್‌ನಲ್ಲಿ ಸರಕಾರ ನಾಗರಹೊಳೆ ಮತ್ತು ಬಂಡೀಪುರಗಳ ಸಫಾರಿಯನ್ನೇ ನಿಲ್ಲಿಸಿತ್ತು. ಆದ್ದರಿಂದ ಹಣ ಕಟ್ಟುವ ಮೊದಲು ಸಫಾರಿ ಇದೆಯೇ ಎಂದು ವಿಚಾರಿಸಿ. ಜೇನುಕುರುಬರ ಹಾಡಿಗಳಿಗೆ ಕ್ಯಾಮರಾ ಹಿಡಿದು ನುಗ್ಗಬೇಡಿ. ಅವು ಪ್ರದರ್ಶನಾಲಯಗಳಲ್ಲ, ಮನೆಗಳು. ನಾಗರಹೊಳೆ ಕಾಡಿನೊಳಗಿನ ರಸ್ತೆಗಳಲ್ಲಿ ರಾತ್ರಿ ಸಂಚಾರ ನಿಷೇಧವಿದೆ. ಸಂಜೆ ಆರರೊಳಗೆ ಕಾಡು ದಾಟುವಂತೆ ಹೊರಡಿ.

ಕೋಣೆ ಗೊತ್ತುಮಾಡುವ ಮುನ್ನ

ಫೋನಿನಲ್ಲಿಯೇ ಇಷ್ಟನ್ನು ಕೇಳಿಕೊಳ್ಳಿ: ಅತ್ತೆಗೆ ಮೊಣಕಾಲು ನೋವಿದ್ದರೆ ನೆಲಮಹಡಿಯಲ್ಲಿ ಕೋಣೆ ಸಿಗುತ್ತದೆಯೇ? ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆ? ಮಗುವಿಗೆ ಹಾಲು ಕಾಯಿಸಿಕೊಡುತ್ತಾರೆಯೇ? ಮಾಂಸ ಹಲಾಲ್ ಹೌದೇ? ಸಂಶಯವಿದ್ದರೆ ಸಸ್ಯಾಹಾರವೇ ಕ್ಷೇಮ. ದಾರಿಯ ಪಟ್ಟಣಗಳ ಮಸೀದಿಯಲ್ಲಿ ಮಹಿಳೆಯರಿಗೆ ವುಝೂ ಮತ್ತು ನಮಾಝ್‌ಗೆ ಸ್ಥಳವಿದೆಯೇ ಎಂಬುದನ್ನೂ ಮೊದಲೇ ತಿಳಿದುಕೊಳ್ಳಿ. ದೂರದಿಂದ ಬರುವವರಿಗೆ ಖಸ್ರ್‌ನ ರಿಯಾಯಿತಿ ಇದ್ದೇ ಇದೆ.

ಖರ್ಚಿನ ಚಿಂತೆಯೇ? 2023ರ ಜೂನ್ 11ರಿಂದ ರಾಜ್ಯದ ಮಹಿಳೆಯರಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಗುರುತಿನ ಚೀಟಿ ಮರೆಯಬೇಡಿ. ಬಸ್ಸಿನಲ್ಲಿ ಉಳಿದ ಹಣವನ್ನು ಒಳ್ಳೆಯ ಕೋಣೆಗೂ ಹೊರಗಿನ ಊಟಕ್ಕೂ ಬಳಸಿ.

ಎರಡು ರಾತ್ರಿ, ಒಂದೇ ತಂಗುದಾಣ, ದಿನಕ್ಕೊಂದು ದಿಕ್ಕು. ಈ ಮೂರನ್ನು ಪಾಲಿಸಿದರೆ ನೋಡುವ ಸ್ಥಳಗಳ ಪಟ್ಟಿ ಚಿಕ್ಕದಾಗಬಹುದು. ಆದರೆ ಮನೆಮಂದಿಯೆಲ್ಲ ಒಂದೆಡೆ ಕುಳಿತು, ಯಾರೂ ಅಡುಗೆಮನೆಗೆ ಏಳದೆ, ಸಾವಕಾಶವಾಗಿ ಮಾತನಾಡಲು ಬಿಡುವು ಸಿಗುತ್ತದೆ. ಈ ಸಲದ ರಜೆಗೆ ಕೋಣೆಯನ್ನು ಆರಿಸುವ ಕೆಲಸ ನೀವೇ ವಹಿಸಿಕೊಳ್ಳಿ.