ತಾನೇ ಕಟ್ಟಿಕೊಳ್ಳುವ ಸೂಕ್ಷ್ಮ ಲೋಳೆ: ಮೆಣಸಿನ ಗಿಡಕ್ಕೆ ಒದಗೀತೇ?

ವರದಾ ನದಿ ತುಂಗಭದ್ರೆಯನ್ನು ಕೂಡುವ ಗಳಗನಾಥದಿಂದ ಬ್ಯಾಡಗಿಯವರೆಗೆ ಎಲೆ ಮುಟುರು ರೋಗವನ್ನು ಅರಿಯದ ಮೆಣಸಿನಕಾಯಿ ಬೆಳೆಗಾರರಿಲ್ಲ. ಥ್ರಿಪ್ಸ್, ಮೈಟ್ ನುಸಿ ಮತ್ತು ಬಿಳಿನೊಣ ಹರಡುವ ನಂಜಾಣು ಇದರ ಮುಖ್ಯ ಕಾರಣಗಳು. ಮೊದಲೆರಡನ್ನು ಸಿಂಪರಣೆಯಿಂದ ಹತೋಟಿಯಲ್ಲಿಡಬಹುದು. ನಂಜಾಣುವಾದರೋ ಗಿಡದ ಜೀವಕೋಶದೊಳಗೆ ಸೇರಿ ವೃದ್ಧಿಯಾಗುತ್ತದೆ. ಅದನ್ನು ಕೊಲ್ಲುವ ಸಿಂಪರಣೆ ಇಲ್ಲ. ಕೋಶದೊಳಕ್ಕೇ ಮದ್ದು ಒಯ್ಯುವ ವಾಹನವೊಂದು ಇದ್ದರೆ?

ಲೋಳೆ ಕಟ್ಟುವ ಬಗೆ

ಜಪಾನಿನ ಅಕಿಯೋಶಿ, ಸುನಾಮೋಟೊ ಮತ್ತು ಸಂಗಡಿಗರು ೧೯೯೩ರಲ್ಲಿ ಇಂಥ ವಾಹನವನ್ನು ವರದಿ ಮಾಡಿದರು. ಪುಲ್ಯುಲಾನ್ ಎಂಬ ಸಕ್ಕರೆಯ ಉದ್ದ ಸರಪಳಿಗೆ ಅಲ್ಲಲ್ಲಿ ಕೊಲೆಸ್ಟರಾಲ್ ತುಣುಕುಗಳನ್ನು ಜೋಡಿಸಿದರು. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಹನಿಗೂಡುವುದಿಲ್ಲವೇ? ಹಾಗೆಯೇ ಕೊಬ್ಬಿನ ತುಣುಕುಗಳು ನೀರಿಗೆ ಹೆದರಿ ಒಂದೆಡೆ ಸೇರಿದವು. ಸಕ್ಕರೆಯ ಸರಪಳಿ ನೀರು ಹೀರಿ ಸುತ್ತ ಲೋಳೆಯಾಯಿತು. ಇದೇ ನ್ಯಾನೋಜೆಲ್. ಒಂದೊಂದು ಉಂಡೆಯ ಗಾತ್ರ ೨೦ರಿಂದ ೩೦ ನ್ಯಾನೋಮೀಟರ್. ಒಂದು ಮಿಲಿಮೀಟರಿಗೆ ೧೦ ಲಕ್ಷ ನ್ಯಾನೋಮೀಟರ್. ಉಂಡೆಯ ಒಡಲಲ್ಲಿ ಪ್ರೋಟೀನನ್ನು ಕೆಡದಂತೆ ಇಡಬಹುದು. ೨೦೧೦ರಲ್ಲಿ ಇದೇ ಜಾತಿಯ ಲೋಳೆಯಿಂದ ಮೂಗಿನ ಮೂಲಕ ಕೊಡುವ ಲಸಿಕೆ ಇಲಿಗಳಲ್ಲಿ ಫಲಕೊಟ್ಟಿತು.

ಗಿಡದಲ್ಲಿ ತೊಡಕೇನು?

ಪ್ರಾಣಿಯ ಕೋಶ ಇಂಥ ಉಂಡೆಯನ್ನು ನುಂಗಬಲ್ಲದು. ಗಿಡದ ಎಲೆಗಾದರೋ ಮೇಲೆ ಮೇಣದ ಹೊದಿಕೆ, ಒಳಗೆ ಕೋಶಕ್ಕೊಂದು ಗೋಡೆ. ಗೋಡೆಯ ರಂಧ್ರಗಳು ಸಾಮಾನ್ಯವಾಗಿ ೨೦ ನ್ಯಾನೋಮೀಟರಿಗಿಂತ ಕಿರಿದು. ಆದ್ದರಿಂದ ಪ್ರಾಣಿಗಳಿಗೆ ಒದಗಿದ್ದು ಬೆಳೆಗೆ ಹಾಗೆಯೇ ಒದಗದು.

ಆದರೂ ಆಶೆಗೆ ಎಡೆಯಿದೆ. ೨೦೧೭ರಲ್ಲಿ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾನಿಲಯದವರು ಜೇಡಿಯಂಥ ಸೂಕ್ಷ್ಮ ಹಾಳೆಗಳಲ್ಲಿ ಆರ್‌ಎನ್‌ಎ ಇಟ್ಟು ತಂಬಾಕಿನ ಗಿಡಗಳಿಗೆ ಸಿಂಪಡಿಸಿದರು. ಒಂದೇ ಸಿಂಪರಣೆಯಿಂದ ೨೦ ದಿನಗಳವರೆಗೆ ನಂಜಾಣುವಿನಿಂದ ರಕ್ಷಣೆ ದೊರೆಯಿತು. ಗಮನಿಸಬೇಕಾದುದು: ಅದು ರೋಗ ಬರುವ ಮುನ್ನಿನ ರಕ್ಷಣೆ, ಬಂದ ರೋಗದ ಚಿಕಿತ್ಸೆಯಲ್ಲ.

ಸದ್ಯಕ್ಕೆ ಮಾಡಬೇಕಾದುದು

• ಎಲೆ ಮೇಲ್ಮುಖವಾಗಿ ಮುದುಡಿದರೆ ಥ್ರಿಪ್ಸ್, ಕೆಳಮುಖವಾಗಿ ಮುದುಡಿದರೆ ಮೈಟ್ ನುಸಿ ಇರುವ ಸಂಭವ ಹೆಚ್ಚು. ಎಲೆಯ ಅಡಿಭಾಗ ನೋಡಿಯೇ ಔಷಧಿ ಆರಿಸಬೇಕು.
• ಸಸಿಮಡಿಗೆ ನೈಲಾನ್ ಪರದೆ ಕಟ್ಟಿ ಬಿಳಿನೊಣವನ್ನು ತಡೆಯಬೇಕು.
• ಹೊಲದ ಸುತ್ತ ಎರಡು ಸಾಲು ಗೋವಿನಜೋಳ ಹಾಕಬೇಕು.
• ನಂಜು ತಗುಲಿದ ಗಿಡಗಳನ್ನು ಆರಂಭದಲ್ಲೇ ಕಿತ್ತು ನಾಶಪಡಿಸಬೇಕು.

‘ನ್ಯಾನೋ’ ಎಂಬ ಹೆಸರು ಕಂಡೊಡನೆ ಮರುಳಾಗಬಾರದು. ೨೦೨೧ರಲ್ಲಿ ಬಂದ ನ್ಯಾನೋ ಯೂರಿಯಾ ಗೊಬ್ಬರವೇ ಹೊರತು ರೋಗದ ಮದ್ದಲ್ಲ. ಡಬ್ಬಿಯ ಮೇಲೆ ನೋಂದಣಿ ಸಂಖ್ಯೆ, ಬೆಳೆ ಮತ್ತು ಕೀಟದ ಹೆಸರು ಇಲ್ಲದ ಔಷಧಿಗೆ ಹಣ ಸುರಿಯಬೇಡಿ. ಸಂದೇಹವಿದ್ದರೆ ರೋಗದ ಟೊಂಗೆಯೊಂದನ್ನು ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ತಂದು ತೋರಿಸಿರಿ.